ಅಜ್ಜನ ಜೊತೆ ಫೋಟೋದಲ್ಲಿರೋ ಆಫ್ರಿಕಾದ ಸಿಪಾಯಿಯ ಸರ್ವಿಸ್ ರೆಕಾರ್ಡ್ ಎಲ್ಲಿ ಹುಡುಕೋದು?

ಹೊಸನಗರ_ಹಳೇಮನೆ

ಎಲ್ರಿಗೂ ನಮಸ್ಕಾರ. ನಮ್ಮದು ಹೊಸನಗರ ಹತ್ರ ಒಂದು ಹಳ್ಳಿ. ಮಳೆಗಾಲಕ್ಕೆ ಮುಂಚೆ ಅಟ್ಟ ಕ್ಲೀನ್ ಮಾಡ್ತಿರ್ಬೇಕಾದ್ರೆ ಅಜ್ಜನ ಮಿಲಿಟರಿ ಟ್ರಂಕಲ್ಲಿ ಒಂದು ಫೋಟೋ ಸಿಕ್ತು, ಅಜ್ಜ ಎರಡನೇ ಮಹಾಯುದ್ಧದಲ್ಲಿ ಲಾರಿ ಡ್ರೈವರ್ ಆಗಿದ್ರು, 1943ರ ಕೊನೆಗೆ ನಾಸಿಕ್ ಕಡೆ ಇದ್ರಂತೆ. ಫೋಟೋದಲ್ಲಿ ಅಜ್ಜ ಕುರ್ಚಿ ಮೇಲೆ ಕೂತಿದಾರೆ, ಪಕ್ಕ ಒಬ್ರು ಆಫ್ರಿಕಾದ ಸಿಪಾಯಿ ಅಜ್ಜನ ಹೆಗಲ ಮೇಲೆ ಕೈ ಇಟ್ಟು ನಿಂತಿದಾರೆ. ಅವರ ತೋಳಿನ ಮೇಲೆ ಒಂದು ಪಟ್ಟಿ ಇದೆ, ಅಮ್ಮ ಅದನ್ನ ಏಡಿ ಅಂತಾರೆ, ನಂಗೆ ಜೇಡದ ಹಾಗೆ ಕಾಣತ್ತೆ. ಅಂಚೆಲ್ಲ ಬೂಷ್ಟು ಹಿಡಿದಿದೆ, ಪುಣ್ಯಕ್ಕೆ ಇಬ್ಬರ ಮುಖನೂ ಉಳಿದಿದೆ. ಹಿಂದೆ ಇಂಕಲ್ಲಿ ಎನ್‌ಎ ಅಂತ ಬರೆದು ಗೀಟು ಹಾಕಿ ಐದಂಕಿ ನಂಬರ್, ಕೆಳಗೆ ಹೆಸರು. ಮೊದಲ್ನೇ ಪದ ಅಳಿಸಿ ಹೋಗಿದೆ, ಎರಡನೇದು ಕಾನೋ.

ಇವರು ಯಾರು ಅಂತ ಮನೇಲಿ ಎಲ್ರಿಗೂ ಗೊತ್ತು, ಅಬೋಕಿ. ಅಬೋಕಿ ಎರಡಾಳಿನ ಹೊರೆ ತಲೆ ಮೇಲಿಟ್ಕೊಂಡು ಕೈಬಿಟ್ಟು ನಡೀತಿದ್ದ, ಅಬೋಕಿ ನಂಗೆ ಜ್ವರ ಬಂದಾಗ ಗಂಜಿ ಕಾಸಿ ಕೊಟ್ಟ ಅಂತ ಅಜ್ಜ ಹೇಳ್ತಿದ್ದದ್ದು ಕೇಳ್ಕೊಂಡೇ ಬೆಳೆದೋರು ನಾವು. ಅವರ ಮನೆಯೋರು ಯಾರಾದ್ರೂ ಇದ್ರೆ ಫೋಟೋ ಕಾಪಿ ಕಳಿಸ್ಬೇಕು ಅಂತ ಆಸೆ. ಅಬೋಕಿ ಕಾನೋ ಅಂತ ನೆಟ್ಟಲ್ಲಿ ಎಷ್ಟು ಹುಡುಕಿದ್ರೂ ಏನೂ ಸಿಗ್ಲಿಲ್ಲ, ಗೊತ್ತಿದ್ದೋರು ದಾರಿ ಹೇಳಿ.

ಶಿವಮೊಗ್ಗ_ಲಾಗೋಸ್

ನಾನು ಶಿವಮೊಗ್ಗದೋನು, ಕೆಲಸಕ್ಕೆ ಅಂತ ನೈಜೀರಿಯಾದಲ್ಲಿದೀನಿ. ಓದಿ ಮೈ ಜುಂ ಅಂತು. ಅಬೋಕಿ ಅವರ ಹೆಸರಲ್ಲ ಮಾರಾಯ್ರೆ, ಹೌಸಾ ಭಾಷೇಲಿ ಅಬೋಕಿ ಅಂದ್ರೆ ಗೆಳೆಯ, ಇಲ್ಲಿ ದಿನಾ ಕಿವಿಗೆ ಬೀಳೋ ಪದ. ಆ ಹೆಸರಲ್ಲಿ ಹುಡುಕಿದ್ರೆ ಯಾವತ್ತೂ ಸಿಗಲ್ಲ.

ಇನ್ನು ಕಾನೋ ಅನ್ನೋದು ಊರು, ಉತ್ತರ ನೈಜೀರಿಯಾದ ದೊಡ್ಡ ಪಟ್ಟಣ. ನಮ್ಮಲ್ಲಿ ಊರಿನ ಹೆಸರು ಇನಿಷಿಯಲ್ ಆಗಿ ಮುಂದೆ ಬರತ್ತಲ್ಲ, ಅಲ್ಲಿಯೋರದ್ದು ಹಿಂದೆ ಬರತ್ತೆ, ಸೈನ್ಯದ ರಿಜಿಸ್ಟರಲ್ಲೂ ಹಾಗೇ ಬರ್ಕೊಳ್ತಿದ್ರು. ಕೆಲವರಿಗೆ ಊರಿನ ಬದಲು ಜನಾಂಗದ ಹೆಸರು, ಮೊದಲನೇ ಮಹಾಯುದ್ಧ ಶುರುವಾದ 1914ರ ಆಗಸ್ಟಲ್ಲಿ, ಆಗ ಜರ್ಮನರ ಕಾಲನಿಯಾಗಿದ್ದ ಟೋಗೋಲ್ಯಾಂಡಲ್ಲಿ ಬ್ರಿಟಿಷರ ಕಡೆಯಿಂದ ಮೊದಲ ಗುಂಡು ಹಾರಿಸಿದೋರು ಅಂತ ಹೆಸರಾದ ಅಲ್ಹಾಜಿ ಗ್ರುನ್ಶಿ ಅವರ ಗ್ರುನ್ಶಿ ಕೂಡ ಜನಾಂಗದ್ದೇ. ಹಾಗಾಗಿ ಒಂದೇ ಹೆಸರಿನ ಹತ್ತಾರು ಸಿಪಾಯಿಗಳು ಇರ್ತಾರೆ, ನಂಬಿಕೆಗೆ ಇರೋದು ನಂಬರ್ ಒಂದೇ. ಎನ್‌ಎ ಅಂದ್ರೆ ನೈಜೀರಿಯಾ, ಗೋಲ್ಡ್ ಕೋಸ್ಟಿನೋರಿಗೆ, ಅಂದ್ರೆ ಈಗಿನ ಘಾನಾದೋರಿಗೆ, ಜಿಸಿ ಅಂತಿರ್ತಿತ್ತು. ಆ ಐದಂಕಿನ ಜೋಪಾನ ಮಾಡಿ, ಇಂಕು ಇನ್ನೂ ಮಾಸೋಕೆ ಮುಂಚೆ ಒಳ್ಳೆ ಬೆಳಕಲ್ಲಿ ಸ್ಕ್ಯಾನ್ ಮಾಡಿಸಿ. ಇಲ್ಲಿ ಪೂರ್ತಿ ನಂಬರ್ ಹಾಕ್ಬೇಡಿ.

ಹಳೇಕಾಗದ

ಅದು ಜೇಡನೇ, ನಿಮ್ಮ ಕಣ್ಣು ಸರಿಯಾಗಿದೆ. ಬ್ರಿಟಿಷರ ಕಡೆ ಹೋರಾಡಿದ 81ನೇ ಪಶ್ಚಿಮ ಆಫ್ರಿಕಾ ಡಿವಿಜನ್ನಿನ ಗುರುತು, ಅಲ್ಲಿನ ಕಥೆಗಳಲ್ಲಿ ಬರೋ ಅನಾನ್ಸಿ ಅನ್ನೋ ಬುದ್ಧಿವಂತ ಜೇಡ. ಆ ಡಿವಿಜನ್ 1943ರಲ್ಲಿ ಇಂಡಿಯಾಕ್ಕೆ ಬಂದು ನಾಸಿಕ್ ಸುತ್ತಮುತ್ತ ಬೀಡು ಬಿಟ್ಟಿತ್ತು, ಅಜ್ಜ ಹೇಳಿದ್ದಕ್ಕೆ ಪಕ್ಕಾ ತಾಳೆಯಾಗತ್ತೆ. ತಲೆಹೊರೆಯೂ ಅಷ್ಟೇ ನಿಜ, ಬರ್ಮಾದ ಕಲಾದಾನ್ ಕಣಿವೆಗೆ ಇಳಿಯೋಕೆ 75 ಮೈಲಿ ಜೀಪ್ ದಾರಿ ಅವರೇ ಕಡಿದ್ರು, ಅದರಿಂದಾಚೆ ಸಾಮಾನೆಲ್ಲ ತಲೆ ಮೇಲೇ ಹೋಗಿದ್ದು. ಆಗುಂಬೆ ಘಾಟಿ ಮಳೇಲಿ ಒಂದ್ಸಲ ನಡೆದೋರಿಗೆ ಅದು ಎಂಥ ಕೆಲಸ ಅಂತ ಅರ್ಥ ಆಗತ್ತೆ.

ರೆಕಾರ್ಡ್ ವಿಷಯ. ಜನ ತಪ್ಪು ಮಾಡೋದು ಇಲ್ಲೇ, ಎಲ್ಲಾ ಲಂಡನ್ನಲ್ಲೇ ಇರತ್ತೆ ಅಂದ್ಕೊಳ್ತಾರೆ. ಕ್ಯೂ ಅನ್ನೋ ಜಾಗದಲ್ಲಿರೋ ನ್ಯಾಷನಲ್ ಆರ್ಕೈವ್ಸಲ್ಲಿ ಇರೋದು ಪಡೆಗಳ ವಾರ್ ಡೈರಿ, ಬರ್ಮಾದ್ದು ಡಬ್ಲ್ಯೂಓ 172 ಅನ್ನೋ ಸರಣಿಯಲ್ಲಿ. ಯಾವ ದಿನ ಎಲ್ಲಿದ್ರು, ಎಷ್ಟು ಜನ ಗಾಯ ಆದ್ರು ಅಂತ ಇರತ್ತೆ, ಸಾಮಾನ್ಯ ಸಿಪಾಯಿ ಹೆಸರು ಬರೋದು ಅಪರೂಪ. ಕಾಲನಿ ಪಡೆಗಳ ಸಿಪಾಯಿಗಳ ಸ್ವಂತ ಕಾಗದಪತ್ರ ಬಹುಪಾಲು ಆಯಾ ದೇಶದಲ್ಲೇ ಉಳೀತು. ನೈಜೀರಿಯಾದ ರಾಷ್ಟ್ರೀಯ ದಾಖಲೆ ಭಂಡಾರ ಇಬಾದಾನ್, ಎನುಗು, ಕಡೂನಾದಲ್ಲಿದೆ, ಕಾನೋ ಕಡೆಯೋರಿಗೆ ಕಡೂನಾನೇ ಹತ್ರ, ಅಲ್ಲಿಗೇ ಮೊದಲು ಬರೀರಿ.

ಅದಕ್ಕೂ ಮುಂಚೆ, ಯುದ್ಧದಲ್ಲಿ ಸತ್ತೋರ ಸಮಾಧಿ, ಸ್ಮಾರಕ ನೋಡ್ಕೊಳ್ಳೋ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಸೈಟಲ್ಲಿ ಸರ್ವಿಸ್ ನಂಬರ್ ಹಾಕಿ ನೋಡಿ, ದುಡ್ಡೇನೂ ಬೇಡ. ಅವರು ಬರ್ಮಾದಲ್ಲಿ ತೀರಿಹೋಗಿ ಸಮಾಧಿ ಸಿಗದೇ ಇದ್ದಿದ್ರೆ ರಂಗೂನ್ ಮೆಮೋರಿಯಲ್ಲಲ್ಲಿ ಹೆಸರು ಇರತ್ತೆ, ಅಲ್ಲಿ ಸುಮಾರು 27,000 ಹೆಸರಿದಾವೆ. ಮನಸ್ಸು ಗಟ್ಟಿ ಮಾಡ್ಕೊಂಡು ನೋಡಿ.

ಕೊಪ್ಪದ_ಮೇಷ್ಟ್ರು

ಒಂದು ಮಾತು ಸೇರಿಸ್ತೀನಿ. ಬಾಯಿಮಾತು, ಕಾಗದ ಎರಡನ್ನೂ ಒಂದಕ್ಕೊಂದು ತಾಳೆ ನೋಡ್ಬೇಕು. ಉಗಾಂಡಾದ ಸರ್ವಾಧಿಕಾರಿ ಇದಿ ಅಮೀನ್ ತಾನು ಬರ್ಮಾದಲ್ಲಿ ಹೋರಾಡಿದೆ ಅಂತ ಹೇಳ್ಕೊಳ್ತಿದ್ದ, ಅವನು ಬ್ರಿಟಿಷರ ಪೂರ್ವ ಆಫ್ರಿಕಾ ಪಡೆ ಕಿಂಗ್ಸ್ ಆಫ್ರಿಕನ್ ರೈಫಲ್ಸ್ ಸೇರಿದ್ದೇ 1946ರಲ್ಲಿ, ಯುದ್ಧ ಮುಗಿದ ಮೇಲೆ. ಹಾಗಂತ ಕಾಗದದಲ್ಲಿ ಇಲ್ಲ ಅಂದ್ರೆ ಮನುಷ್ಯನೇ ಇರ್ಲಿಲ್ಲ ಅನ್ನೋಕೂ ಆಗಲ್ಲ. ಮೊದಲನೇ ಮಹಾಯುದ್ಧದಲ್ಲಿ ಪೂರ್ವ ಆಫ್ರಿಕಾದಲ್ಲಿ ಹೊರೆ ಹೊತ್ತು ಸತ್ತ ಕ್ಯಾರಿಯರ್ ಕೋರ್‌ನೋರ ಹೆಸರುಗಳನ್ನ ಕಲ್ಲಿನ ಮೇಲೆ ಕೆತ್ತಲೇ ಇಲ್ಲ. ಆ ಯುದ್ಧದಲ್ಲಿ ಸತ್ತೋರಲ್ಲಿ ಕಡಿಮೆ ಅಂದ್ರೂ 1,16,000 ಜನಕ್ಕೆ, ಅದರಲ್ಲಿ ಹೆಚ್ಚಿನೋರು ಪೂರ್ವ ಆಫ್ರಿಕಾ ಮತ್ತೆ ಈಜಿಪ್ಟಿನೋರು, ಹೆಸರಿನ ಸ್ಮಾರಕ ಸಿಕ್ಕಿಲ್ಲ ಅಂತ 2021ರಲ್ಲಿ ಆ ವಾರ್ ಗ್ರೇವ್ಸ್ ಕಮಿಷನ್ನಿನ ವರದಿಯೇ ಒಪ್ಕೊಂಡಿದೆ. ನೈರೋಬಿಯ ಕರಿಯೋಕೋರ್ ಮಾರ್ಕೆಟ್ಟಿನ ಹೆಸರು ಬಂದಿದ್ದು ಆ ಕ್ಯಾರಿಯರ್ ಕೋರ್ ಅನ್ನೋದರಿಂದಲೇ, ಗುಂಪಿನ ಹೆಸರು ಉಳೀತು, ಒಬ್ಬೊಬ್ಬರದ್ದು ಹೋಯ್ತು. ನಿಮ್ಮ ಕೈಲಿ ಮುಖನೂ ಇದೆ ನಂಬರೂ ಇದೆ, ಬಿಡ್ಬೇಡಿ.

ಹೊಸನಗರ_ಹಳೇಮನೆ

ಎಲ್ರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ನಂಬರ್ ಹಾಕೋವಾಗ ಕೈ ನಡುಗ್ತಿತ್ತು. ಕಮಿಷನ್ ಸೈಟಲ್ಲಿ ಆ ನಂಬರ್ ಇಲ್ಲ, ಹಾಗಾಗಿ ಊರಿಗೆ ವಾಪಸ್ ಹೋಗಿರ್ಬೇಕು ಅಂತ ನಂಬ್ಕೊಂಡಿದೀನಿ. ಕೊನೇ ಅಂಕಿ 1 ಅಥವಾ 7, ಎರಡನ್ನೂ ಹಾಕಿ ನೋಡಿದೆ. ಕಡೂನಾಕ್ಕೆ ಪತ್ರ ಬರೀತಿದೀನಿ, ಲಾಗೋಸ್ ಅಣ್ಣ, ಒಂದ್ಸಲ ಓದಿ ತಿದ್ದಿ ಕೊಡ್ತೀರಾ?

ಅಜ್ಜಿಗೆ ಅಬೋಕಿ ಅಂದ್ರೆ ಗೆಳೆಯ ಅಂತೆ ಅಂತ ಹೇಳಿದೆ. ಎಲೆ ಅಡಿಕೆ ಕುಟ್ತಾ ಇದ್ದೋರು ಕೈ ನಿಲ್ಲಿಸಿ, ಹಂಗಾದ್ರೆ ಅವನೂ ನಿಮ್ಮಜ್ಜನ್ನ ಅಬೋಕಿ ಅಂತಲೇ ಕರೀತಿದ್ದ ಅನ್ನು, ಅವರ ಮನೇಲೂ ನಿಮ್ಮಜ್ಜನ ಹೆಸರು ಯಾರಿಗೂ ಗೊತ್ತಿರಲ್ಲ, ಪತ್ರದಲ್ಲಿ ಅದನ್ನೂ ಸರಿಯಾಗಿ ಬರಿ ಅಂದ್ರು. ಬರ್ದಿದೀನಿ, ಊರಿನ ಹೆಸರೂ ಸೇರಿಸಿ.