ಬೆಂಗಳೂರು–ಮಂಗಳೂರು ವಿಮಾನ: ದೂರ ಎಷ್ಟು, ಹೊತ್ತು ಎಷ್ಟು?

ಪ್ರಶ್ನೆ:
ಅಮ್ಮನನ್ನು ಮೊದಲ ಸಲ ವಿಮಾನದಲ್ಲಿ ಕರೆದುಕೊಂಡು ಹೋಗುತ್ತಿದ್ದೇನೆ. ಮಂಡಿ ನೋವು, ರಾತ್ರಿ ಬಸ್ಸಲ್ಲಿ ಕೂರಲು ಆಗುವುದಿಲ್ಲ. ಮ್ಯಾಪಿನಲ್ಲಿ ಸುಮಾರು 350 ಕಿ.ಮೀ. ಇದೆ, ಇನ್ನೊಂದು ಕಡೆ 300 ಅಂತಿದೆ. ಟಿಕೆಟ್‌ನಲ್ಲಿ ನೋಡಿದರೆ ಒಂದು ಗಂಟೆಗೂ ಜಾಸ್ತಿ! ಇಷ್ಟು ಹತ್ತಿರಕ್ಕೆ ಅಷ್ಟು ಹೊತ್ತು ಯಾಕೆ?

ಉತ್ತರ 1:
350 ರಸ್ತೆಯ ಲೆಕ್ಕ, ಶಿರಾಡಿ ಘಾಟಿಯ ತಿರುವುಗಳೂ ಸೇರಿ. ಬೆಂಗಳೂರಿನ ದೇವನಹಳ್ಳಿ ಏರ್‌ಪೋರ್ಟಿನಿಂದ ಮಂಗಳೂರಿನ ಬಜ್ಪೆ ಏರ್‌ಪೋರ್ಟಿಗೆ ನೇರ ಗೆರೆ ಎಳೆದರೆ ಸುಮಾರು 300. ಟಿಕೆಟ್‌ನಲ್ಲಿರುವುದು ಬರೀ ಹಾರುವ ಸಮಯ ಅಲ್ಲ. ಇಲ್ಲಿ ವಿಮಾನ ನಿಂತ ಜಾಗ ಬಿಟ್ಟು, ರನ್‌ವೇವರೆಗೆ ಉರುಳಿ, ಸರದಿಯಲ್ಲಿ ಕಾದು, ಹಾರಿ, ಅಲ್ಲಿ ಹೋಗಿ ನಿಲ್ಲುವವರೆಗಿನ ಪೂರ್ತಿ ಹೊತ್ತು ಅದು. ಗಾಳಿಯಲ್ಲಿ ಇರುವುದು 40–45 ನಿಮಿಷ ಅಷ್ಟೇ. ಅದರಲ್ಲೂ ಏರುವುದು, ಇಳಿಯುವುದೇ ಜಾಸ್ತಿ.

ಉತ್ತರ 2:
ಯಾವ ವಿಮಾನ ಅಂತಲೂ ನೋಡಿ. ಪ್ರೊಪೆಲ್ಲರ್ ಇರುವ ಎಟಿಆರ್ ಗಂಟೆಗೆ 500 ಕಿ.ಮೀ. ಆಸುಪಾಸು ಹೋಗುತ್ತದೆ, ಜೆಟ್‌ಗಿಂತ ನಿಧಾನ. ಮಳೆಗಾಲವಾದರೆ ಇನ್ನೊಂದು ವಿಷಯ: ಬಜ್ಪೆ ರನ್‌ವೇ ಗುಡ್ಡದ ಮೇಲಿದೆ, ಮೋಡ ಮುಸುಕಿದರೆ ಇಳಿಯಲು ತಡವಾಗುತ್ತದೆ. ಒಂದು ಜುಲೈಯಲ್ಲಿ ನಾವು ಅರ್ಧ ಗಂಟೆ ಮೇಲೇ ಸುತ್ತಿದೆವು, ಕಿಟಕಿಯಾಚೆ ಬರೀ ಬಿಳಿ, ಅಮ್ಮ ನನ್ನ ಕೈ ಬಿಡಲೇ ಇಲ್ಲ. ಆಮೇಲೆ ಒಮ್ಮೆಲೇ ಕೆಂಪು ಮಣ್ಣು, ತೆಂಗಿನ ಮರ ಕಂಡವು.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್! ಜಯನಗರದ ಮನೆಯಿಂದ ಒಟ್ಟು ಎಷ್ಟಾಗಬಹುದು?

ಉತ್ತರ 1:
ಐದು ಗಂಟೆ ಇಟ್ಟುಕೊಳ್ಳಿ. ದೇವನಹಳ್ಳಿಗೇ ಒಂದೂವರೆ ಗಂಟೆ ಬೇಕು, ಎರಡು ಗಂಟೆ ಮೊದಲೇ ಅಲ್ಲಿರಬೇಕು ಅಲ್ವಾ. ಬುಕ್ ಮಾಡುವಾಗಲೇ ವೀಲ್‌ಚೇರ್ ಕೇಳಿಬಿಡಿ, ಅಮ್ಮ ಅಷ್ಟು ದೂರ ನಡೆಯುವುದು ಬೇಡ.