ಸಹಾಯ ಬೇಕು: ಹೊಲ ಇಲ್ಲದವರಿಗೆ ಬ್ಯಾಟರಿ ಬ್ರಷ್ ಕಟರ್ ಸಬ್ಸಿಡಿ ಸಿಗುತ್ತದೆಯೇ?

ಎಲ್ಲರಿಗೂ ನಮಸ್ಕಾರ್ರಿ. ನಮ್ಮ ಕಾಕಾ ಧಾರವಾಡದ ಸಪ್ತಾಪುರ, ಕಲ್ಯಾಣನಗರ ಕಡೆ ಮನೆಗಳ ಕೈತೋಟದಲ್ಲಿ ಹುಲ್ಲು ಕತ್ತರಿಸುವ ಕೆಲಸ ಮಾಡುತ್ತಾರೆ. ಅವರ ಬ್ರಷ್ ಕಟರ್ ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಮಷಿನ್. ಆಯಿಲ್ ಪೆಟ್ರೋಲಿನ ಜೊತೆಗೇ ಸುಡುತ್ತದೆ, ದಿನವಿಡೀ ಆ ಹೊಗೆ ಕುಡಿಯುತ್ತಾರೆ. ಸಂಜೆ ಮನೆಗೆ ಬಂದರೆ ಕಿವಿ ಗುಂಯ್ ಅನ್ನುತ್ತದೆ, ಚಹಾದ ಕಪ್ ಹಿಡಿದ ಕೈ ನಡುಗುತ್ತದೆ. ನೋಡೋಕೆ ಆಗುವುದಿಲ್ಲ.

ಬ್ಯಾಟರಿಯದು ಕೊಡಿಸಬೇಕು ಅಂತಿದ್ದೇನೆ. ಒಂದು ಬ್ಯಾಟರಿ ಸಾಲದು, ಎರಡು ತಗೊಂಡರೆ ಬೆಲೆ ಜಾಸ್ತಿ. ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ರೈತರಿಗೆ ಶೇ 50, ಪರಿಶಿಷ್ಟರಿಗೆ ಶೇ 90ರವರೆಗೆ ಸಬ್ಸಿಡಿ ಇದೆ. ಆದರೆ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ), ಪಹಣಿ ಕೇಳುತ್ತಾರೆ. ಕಾಕಾಗೆ ಒಂದು ಗುಂಟೆ ಹೊಲವೂ ಇಲ್ಲ. ಕುಶಲಕರ್ಮಿಗಳಿಗೆ ಅಂತ ಇರುವ ಕೇಂದ್ರದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಹೂಮಾಲೆ ಕಟ್ಟುವವರಿದ್ದಾರೆ, ತೋಟದ ಕೆಲಸದವರಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2021ರಲ್ಲಿ ಇಂಥ ಪೆಟ್ರೋಲ್ ಎಂಜಿನ್ ನಿಲ್ಲಿಸಲು ಕಾಯ್ದೆ ತಂದಾಗ ತೋಟದ ಕೆಲಸ ಮಾಡುವವರಿಗೆ ಅಂತಲೇ 3 ಕೋಟಿ ಡಾಲರ್ ತೆಗೆದಿಟ್ಟರು. ನಮ್ಮವರಿಗೂ ಏನಾದರೂ ಇರಬೇಕಲ್ವಾ?

ಪಹಣಿ ಇಲ್ಲದೆ ಯಾರಿಗಾದರೂ ಸಿಕ್ಕಿದೆಯೇ? ರೈತ ಸಂಪರ್ಕ ಕೇಂದ್ರಕ್ಕೆ ಹೋಗಬೇಕೋ, ತೋಟಗಾರಿಕೆ ಇಲಾಖೆಗೋ? ಇಲ್ಲವೆಂದರೆ ಮುದ್ರಾ ಶಿಶು ಸಾಲ (ಸಣ್ಣ ಉದ್ಯೋಗದವರಿಗೆ ಬ್ಯಾಂಕ್ ಕೊಡುವ ಸಣ್ಣ ಸಾಲ) ತೆಗೆದವರು ಯಾವ ಕಾಗದ ಕೊಟ್ಟಿರಿ, ತಿಳಿಸಿ. ಮಳೆಗಾಲದ ಹುಲ್ಲು ಏಳುವ ಮೊದಲು ಮಷಿನ್ ಕೈಗೆ ಬರಬೇಕು.