ಸಹಾಯ ಬೇಕು: ಡೈ ಲೇಸರ್ ಬಣ್ಣ ಬದಲಾಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯಲ್ಲಿ ಎಂಎಸ್ಸಿ ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಅವರ ಜೊತೆ ಸೇರಿ ಕಡಿಮೆ ಖರ್ಚಿನ, ಟಿಫಿನ್ ಡಬ್ಬಿಯಷ್ಟೇ ದೊಡ್ಡದಾದ ಡೈ ಲೇಸರ್ (ಡೈ ಅಂದರೆ ಬಣ್ಣದ ದ್ರಾವಣದಿಂದ ಬೆಳಕು ಹೊರಡಿಸುವ ಲೇಸರ್) ಕಟ್ಟುತ್ತಿದ್ದೇನೆ. ಕ್ಯುವೆಟ್ ಅನ್ನುವ ಪುಟ್ಟ ಚೌಕ ಗಾಜಿನ ಪಾತ್ರೆಯಲ್ಲಿ ಎಥೆನಾಲ್, ಅದರಲ್ಲಿ ಕರಗಿಸಿದ ರೋಡಮಿನ್ 6ಜಿ ಎಂಬ ಡೈ. ಪಂಪ್ ಮಾಡಲು, ಅಂದರೆ ಡೈಗೆ ಶಕ್ತಿ ಕೊಡಲು, ಲ್ಯಾಬ್‌ನ 532 ನ್ಯಾನೊಮೀಟರ್ ತರಂಗಾಂತರದ ಹಸಿರು ಪಲ್ಸ್ ಲೇಸರ್ ಇದೆ. ಒಂದು ತುದಿಗೆ ಕನ್ನಡಿ, ಇನ್ನೊಂದು ತುದಿಗೆ ಮಿಲಿಮೀಟರಿಗೆ 1200 ಗೆರೆಗಳ ಗ್ರೇಟಿಂಗ್, ಅಂದರೆ ಇಟ್ಟ ಕೋನಕ್ಕೆ ತಕ್ಕ ಬಣ್ಣವನ್ನು ಮಾತ್ರ ವಾಪಸ್ ಕಳಿಸುವ ಗೆರೆ ಫಲಕ.

ಗ್ರೇಟಿಂಗ್ ತಿರುಗಿಸಿದರೆ ಬಣ್ಣ ಹಳದಿಯಿಂದ ಕಿತ್ತಳೆಗೆ ಹೋಗಬೇಕು, ಅಲ್ವಾ? ಹೋಗುತ್ತಿಲ್ಲ. ಮೊನ್ನೆ ಗ್ರೇಟಿಂಗ್ ಮುಂದೆ ಕಪ್ಪು ಕಾಗದ ಹಿಡಿದೆ. ಗೋಡೆ ಮೇಲಿನ ಕಿತ್ತಳೆ ಚುಕ್ಕಿ ಹಾಗೇ ಇತ್ತು! ಅಂದರೆ ಕ್ಯುವೆಟ್‌ನ ಎದುರುಬದುರು ಗೋಡೆಗಳೇ ಕನ್ನಡಿಯಂತೆ ಕೆಲಸ ಮಾಡುತ್ತಿವೆ. ಕ್ಯುವೆಟ್ ಸ್ವಲ್ಪ ಓರೆಯಾಗಿ ಇಟ್ಟ ಮೇಲೆ ಚುಕ್ಕಿ ಮಂಕಾಯಿತು, ಪೂರ್ತಿ ಹೋಗಿಲ್ಲ. ಎಷ್ಟು ಓರೆ ಮಾಡಬೇಕು? ಡೈ ಜಾಸ್ತಿ ಆಗಿದೆಯಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಇನ್ನೊಂದು ಕಷ್ಟ ಗ್ರೇಟಿಂಗ್ ಸ್ಟ್ಯಾಂಡ್‌ನದು. ಲೆಕ್ಕ ಹಾಕಿದರೆ 560ರಿಂದ 600 ನ್ಯಾನೊಮೀಟರ್‌ಗೆ ಹೋಗಲು ಗ್ರೇಟಿಂಗ್ ತಿರುಗಬೇಕಾದ್ದು ಬರೀ ಒಂದೂವರೆ ಡಿಗ್ರಿ. ಕೈಯಲ್ಲಿ ತಿರುಗಿಸಿದರೆ ಬೆಳಕಿನ ಹಾದಿ ತಪ್ಪುತ್ತದೆ. ಮಂಗಳೂರಿನ ಬೈಕಂಪಾಡಿ ಕಡೆ ಸಣ್ಣ ಪಿಚ್‌ನ ಸ್ಕ್ರೂ ಹಾಕಿ ಅಲ್ಯೂಮಿನಿಯಂ ಸ್ಟ್ಯಾಂಡ್ ಮಾಡಿಕೊಡುವ ಲೇತ್ ಅಂಗಡಿ ಯಾರಿಗಾದರೂ ಗೊತ್ತಾ? ಒಂದೇ ಪೀಸ್ ಅಂದರೆ ಹೆಚ್ಚಿನವರು ಒಪ್ಪುವುದಿಲ್ಲ.

ನಾಲ್ಕೂ ಬದಿ ಪಾಲಿಶ್ ಆದ ಕ್ಯುವೆಟ್ ಇದ್ದರೆ ಒಂದು ವಾರ ಕೊಡಿ, ಮಣಿಪಾಲ, ಮಂಗಳೂರು ಎಲ್ಲಿದ್ದರೂ ನಾನೇ ಬಂದು ಒಯ್ಯುತ್ತೇನೆ. ಲೇಸರ್‌ನಿಂದ ಕಣ್ಣು ಕಾಯುವ ಕನ್ನಡಕದ ಬಗ್ಗೆಯೂ ತಿಳಿಸಿ. ನಮ್ಮದು ಹಸಿರು ಮಾತ್ರ ತಡೆಯುತ್ತದೆ, ಕಿತ್ತಳೆಗೂ ಆಗುವಂಥದ್ದು ಬರುವವರೆಗೆ ಮಕ್ಕಳನ್ನು ಹತ್ತಿರ ಬಿಡುತ್ತಿಲ್ಲ.